ಮಾತು ಹಂಚಿದ ಮಾಸ್ತರರು: ಪಂಜೆ ಮಂಗೇಶರಾಯರು

ಪಂಜೆ ಮಂಗೇಶರಾಯರ ಹೆಸರು ಕೇಳದ ಕನ್ನಡಿಗ ಇರಲಿಕ್ಕಿಲ್ಲ. ಆದರೆ ಅವರ ಬಗ್ಗೆ ನಾಲ್ಕು ಮಾತು ಹೇಳಿ ಎಂದರೆ ನಮ್ಮಲ್ಲಿ ಹೆಚ್ಚಿನವರು ನಾಗರಹಾವಿನ ಹಾಡಿನ ತನಕ ಹೋಗಿ ಅಲ್ಲಿಗೇ ನಿಂತುಬಿಡುತ್ತೇವೆ. ಸಾಹಿತ್ಯ ಚರಿತ್ರೆಯ ಪುಸ್ತಕಗಳು ಇನ್ನೂ ಸ್ವಲ್ಪ ಮುಂದೆ ಹೋಗುತ್ತವೆ. ಕನ್ನಡದಲ್ಲಿ ಸಣ್ಣಕತೆಯನ್ನು ಮೊದಲಿಗೆ ಬರೆದವರು, ಹೊಸಗನ್ನಡ ಕವಿತೆಗೆ ದಾರಿ ಮಾಡಿಕೊಟ್ಟವರಲ್ಲಿ ಒಬ್ಬರು ಎಂದು ಹೇಳುತ್ತವೆ. ಅದೆಲ್ಲ ಸರಿಯೇ, ಪರೀಕ್ಷೆಗೂ ಬೇಕಾಗುತ್ತದೆ. ಈ ಲೇಖನದಲ್ಲಿ ನಾನು ನೋಡಬೇಕೆಂದಿರುವುದು ಇನ್ನೊಬ್ಬ ಪಂಜೆಯವರನ್ನು. ಐದಾರು ವರ್ಷದ ಮಗುವಿನ ಎದುರು ನಿಂತು, ಇದರ ಬಾಯಿಗೆ ಮಾತು ಹೇಗೆ ಬರುತ್ತದೆ, ಕಣ್ಣಿಗೆ ಅಕ್ಷರ ಹೇಗೆ ಹತ್ತುತ್ತದೆ ಎಂದು ಜೀವಮಾನವಿಡೀ ತಲೆ ಕೆಡಿಸಿಕೊಂಡ ಮಾಸ್ತರರನ್ನು.

ಇದರಲ್ಲಿ ನನ್ನ ಸ್ವಾರ್ಥವೂ ಉಂಟು. ನಾನಿರುವುದು ಕಾಂದಿವಲಿ ಪೂರ್ವದಲ್ಲಿ, ಆಕುರ್ಲಿ ರಸ್ತೆಯ ಹತ್ತಿರ. ನಮ್ಮ ಕಟ್ಟಡದ ಕೆಳಗಿನ ಸೊಸೈಟಿ ಆಫೀಸಿನಲ್ಲಿ ಆದಿತ್ಯವಾರ ಬೆಳಿಗ್ಗೆ ಒಂದೂವರೆ ಗಂಟೆ ಚಿಕ್ಕ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಎಲ್ಲರೂ ನಾಲ್ಕರಿಂದ ಎಂಟು ವರ್ಷದವರು. ಶುರು ಮಾಡಿದಾಗ ಹದಿನಾಲ್ಕು ಮಂದಿ ಇದ್ದರು, ಈಗ ಒಂಬತ್ತು. ಮನೆಯಲ್ಲಿ ಕೆಲವರಿಗೆ ತುಳು, ಕೆಲವರಿಗೆ ಕೊಂಕಣಿ, ಇಬ್ಬರಿಗೆ ಮಾತ್ರ ಕನ್ನಡ. ಕೆಳಗೆ ಆಡಲಿಕ್ಕೆ ಹೋದರೆ ಹಿಂದಿ, ಬಾಜಿ ಮಾರುವವನ ಹತ್ತಿರ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಈ ನಾಲ್ಕರ ನಡುವೆ ಕನ್ನಡಕ್ಕೆ ಜಾಗ ಎಲ್ಲಿ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದವರು ಪಂಜೆಯವರು.

ಅವರು ಹುಟ್ಟಿದ್ದು 1874ನೇ ಇಸವಿ ಫೆಬ್ರವರಿ 22ರಂದು, ನೇತ್ರಾವತಿ ಹೊಳೆಯ ದಡದ ಬಂಟ್ವಾಳದಲ್ಲಿ. ಸಾರಸ್ವತ ಕುಟುಂಬ, ಮನೆಮಾತು ಕೊಂಕಣಿ. ಪೇಟೆಗೆ ಇಳಿದರೆ ತುಳು. ಶಾಲೆಯಲ್ಲಿ ಕನ್ನಡ. ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದರಿಂದ ದೊಡ್ಡ ಓದು, ಸರಕಾರಿ ಕೆಲಸ ಎಂದರೆ ಇಂಗ್ಲಿಷ್. ಮಿತ್ರರೆ, ಇದನ್ನು ಸ್ವಲ್ಪ ಗಮನಿಸಿ ನೋಡಿ. ಕನ್ನಡದ ಮಕ್ಕಳಿಗೆಲ್ಲ ಹಾಡು ಕಟ್ಟಿಕೊಟ್ಟ ಈ ಮನುಷ್ಯನಿಗೆ ಕನ್ನಡ ತೊಟ್ಟಿಲಿನ ಮಾತಾಗಿರಲಿಲ್ಲ. ಅವರೂ ನಮ್ಮ ಕಾಂದಿವಲಿಯ ಮಕ್ಕಳ ಹಾಗೆ ಮನೆಯಲ್ಲೊಂದು, ಬೀದಿಯಲ್ಲೊಂದು, ಶಾಲೆಯಲ್ಲೊಂದು ಮಾತಿನ ನಡುವೆ ಬೆಳೆದವರೇ. ಕನ್ನಡದ ಒಂದೊಂದು ಶಬ್ದವನ್ನೂ ಹೊರಗಿನಿಂದ ತಂದು ಮನೆ ತುಂಬಿಸಿಕೊಂಡವರು. ಶಬ್ದ ಕಲಿಯುವ ಕಷ್ಟವೂ ಸುಖವೂ ಅವರಿಗೆ ಗೊತ್ತಿದ್ದದ್ದು ಇದರಿಂದಲೇ ಇರಬೇಕು ಎಂದು ನನಗೆ ಅನ್ನಿಸುತ್ತದೆ.

ಮನೆಯಲ್ಲಿ ಅನುಕೂಲ ಕಡಿಮೆ. ಬಂಟ್ವಾಳದಲ್ಲಿ ಶುರುವಾದ ಓದು ಮಂಗಳೂರಿಗೆ ಹೋಯಿತು. ಆ ಕಾಲದ ಮಂಗಳೂರು ಕನ್ನಡದ ಮಟ್ಟಿಗೆ ಸಣ್ಣ ಊರಲ್ಲ. 1834ರಲ್ಲಿ ಬಂದಿಳಿದ ಬಾಸೆಲ್ ಮಿಷನಿನವರು ಅಲ್ಲಿ ಅಚ್ಚುಕೂಟ ಹಾಕಿದ್ದರು. ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ 1843ರಲ್ಲಿ ಅಲ್ಲಿಂದಲೇ ಹೊರಟಿತ್ತು. ಕಿಟ್ಟೆಲರ ದೊಡ್ಡ ನಿಘಂಟು 1894ರಲ್ಲಿ ಅಲ್ಲಿಯೇ ಅಚ್ಚಾಯಿತು. ಆಗ ಪಂಜೆಯವರಿಗೆ ಇಪ್ಪತ್ತು ವರ್ಷ. ಊರಿನಲ್ಲೇ ಒಬ್ಬರು ಕನ್ನಡದ ಶಬ್ದಗಳನ್ನೆಲ್ಲ ಕೂಡಿಸಿ ಬೀಗ ಹಾಕಿಟ್ಟ ಹಾಗೆ ಒಂದು ನಿಘಂಟು ತಂದರು. ಇನ್ನೊಬ್ಬರು ಮುಂದೆ ಅದೇ ಶಬ್ದಗಳನ್ನು ಬೀದಿಯ ಮಕ್ಕಳಿಗೆ ಹಿಡಿ ಹಿಡಿಯಾಗಿ ಹಂಚಿದರು.

ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಅವರಿಗೆ ಕನ್ನಡ ಪಂಡಿತರ ಕೆಲಸ ಸಿಕ್ಕಿತು. ಕೆಲಸ ಮಾಡುತ್ತಲೇ ಬಿ.ಎ. ಮುಗಿಸಿದರು, ಆಮೇಲೆ ಎಲ್.ಟಿ. ಮಾಡಿದರು. ಮುಂದೆ ರಾಷ್ಟ್ರಕವಿಯಾದ ಮಂಜೇಶ್ವರ ಗೋವಿಂದ ಪೈಗಳು ಹುಡುಗನಾಗಿ ಅವರಲ್ಲಿ ಪಾಠ ಕೇಳಿದವರು. 1900ರಲ್ಲಿ ಬೆನಗಲ್ ರಾಮರಾಯರ ಸುವಾಸಿನಿ ಪತ್ರಿಕೆ ಹೊರಟಾಗ ಪಂಜೆಯವರು ಅದಕ್ಕೆ ಹರಟೆಮಲ್ಲ ಎಂಬ ಹೆಸರಿನಲ್ಲಿ ಬರೆದರು. ನನ್ನ ಚಿಕ್ಕತಾಯಿ, ನನ್ನ ಚಿಕ್ಕತಂದೆ ಮುಂತಾದ ಕತೆಗಳು ಬಂದದ್ದು ಆಗಲೇ. ಕವಿತೆಗೆ ಅವರು ಇಟ್ಟುಕೊಂಡ ಹೆಸರು ಕವಿಶಿಷ್ಯ. ಹೆಸರನ್ನೇ ನೋಡಿ. ಕವಿ ಎಂದು ಕರೆದುಕೊಳ್ಳಲಿಲ್ಲ, ಕವಿಗಳ ಶಿಷ್ಯ ಎಂದುಕೊಂಡರು.

ಹೀಗೇ ಮುಂದುವರಿದಿದ್ದರೆ ಅವರೊಬ್ಬ ದೊಡ್ಡ ಪಂಡಿತರಾಗಿಯೋ ದೊಡ್ಡ ಕತೆಗಾರರಾಗಿಯೋ ಉಳಿಯುತ್ತಿದ್ದರು. ಪಾಂಡಿತ್ಯಕ್ಕೆ ಏನೂ ಕಮ್ಮಿ ಇರಲಿಲ್ಲ. ಕೇಶಿರಾಜನ ಶಬ್ದಮಣಿದರ್ಪಣವನ್ನು ಕಿಟ್ಟೆಲರ ನಂತರ ಪರಿಷ್ಕರಿಸಿ 1920ರಲ್ಲಿ ಹೊರತಂದವರು ಇವರೇ. ಆದರೆ ಅಷ್ಟರಲ್ಲಿ ಅವರಿಗೆ ಶಾಲೆಗಳ ತನಿಖೆಯ ಕೆಲಸ ಬಂದಿತ್ತು. ಕಾಲೇಜಿನ ಗೋಡೆಯೊಳಗಿದ್ದವರು ಹಳ್ಳಿ ಹಳ್ಳಿಯ ಶಾಲೆಗಳಿಗೆ ಹೋಗಬೇಕಾಯಿತು. ಆಗಿನ ಜಿಲ್ಲೆ ಕಾಸರಗೋಡಿನಿಂದ ಕುಂದಾಪುರದ ತನಕ ಹಬ್ಬಿತ್ತು. ಸೇತುವೆಗಳು ಕಡಿಮೆ, ಹೊಳೆಗಳು ಜಾಸ್ತಿ. ದೋಣಿ ದಾಟಿ, ಗದ್ದೆಯ ಅಂಚಿನಲ್ಲಿ ನಡೆದು ಹೋದರೆ ಒಂದು ಮುಳಿಹುಲ್ಲಿನ ಶಾಲೆ.

ಅಂಥ ಶಾಲೆಯಲ್ಲಿ ಆಗ ಕಲಿಸುತ್ತಿದ್ದದ್ದು ಹೇಗೆ? ಹಿಂದಿನ ಐಗಳ ಮಠದ ಕ್ರಮವೇ ಹೆಚ್ಚುಕಮ್ಮಿ ಮುಂದುವರಿದಿತ್ತು. ಮೊದಲು ಮರಳಿನಲ್ಲಿ ಬೆರಳಿಟ್ಟು ಅಕ್ಷರ ತಿದ್ದುವುದು. ನಲವತ್ತೊಂಬತ್ತೂ ಅಕ್ಷರ ಆಗಬೇಕು. ಆಮೇಲೆ ಕಾಗುಣಿತ. ಮೂವತ್ತನಾಲ್ಕು ವ್ಯಂಜನಗಳಿಗೆ ತಲೆಕಟ್ಟು, ದೀರ್ಘ, ಗುಡಿಸು, ಕೊಂಬು ಎಂದು ಹಚ್ಚುತ್ತಾ ಹೋದರೆ ನಾನೂರಕ್ಕೂ ಮಿಕ್ಕಿ ರೂಪಗಳಾಗುತ್ತವೆ. ಅವೂ ಆಗಬೇಕು. ಆಮೇಲೆ ಒತ್ತಕ್ಷರ. ಇಷ್ಟೆಲ್ಲ ಮುಗಿದ ಮೇಲೆ ಮಗುವಿಗೆ ಮೊದಲನೆಯ ಶಬ್ದ! ಅಷ್ಟು ಹೊತ್ತಿಗೆ ಅರ್ಧ ಮಕ್ಕಳು ದನ ಮೇಯಿಸಲಿಕ್ಕೆ ಹೋಗಿ ಆಗಿರುತ್ತಿತ್ತು. ಉಳಿದವರು ಬಾಯಿಪಾಠದ ಭಯದಲ್ಲಿ ಬೆತ್ತವನ್ನೇ ನೋಡುತ್ತಾ ಕೂತಿರುತ್ತಿದ್ದರು. ಅದರ ಮೇಲೆ ಇನ್ಸ್‌ಪೆಕ್ಟರ್ ಬರುತ್ತಾರೆ ಎಂದರೆ ಮಕ್ಕಳಿಗೂ ಹೆದರಿಕೆ, ಮಾಸ್ತರರಿಗೂ ಹೆದರಿಕೆ.

ಈ ಇನ್ಸ್‌ಪೆಕ್ಟರು ಮಾತ್ರ ಬೇರೆ ತರದವರು. ಪಂಜೆಯವರು ಮಕ್ಕಳೊಡನೆ ಹಾಡಿದರು, ಕತೆ ಹೇಳಿದರು, ಹೇಳುವಾಗ ಕೈ ಬಾಯಿ ಆಡಿಸಿ ಅಭಿನಯಿಸಿದರು. ಕಲಿಯುವುದು ಹೆದರಿಕೆಯಿಂದಲ್ಲ ಎಂಬುದನ್ನು ಭಾಷಣ ಮಾಡಿ ಹೇಳಲಿಲ್ಲ, ಮಾಡಿ ತೋರಿಸಿದರು. ಓದಲಿಕ್ಕೆ ಒಳ್ಳೆಯ ಪುಸ್ತಕ ಇಲ್ಲದೆ ಹೋದರೆ ಮಾಸ್ತರರಾದರೂ ಏನು ಕಲಿಸಿಯಾರು? ಹಾಗಾಗಿ ಪುಸ್ತಕವನ್ನೂ ಅವರೇ ಮಾಡಿದರು. ಬಾಸೆಲ್ ಮಿಷನ್ ಅಚ್ಚುಕೂಟದಿಂದ ಶಾಲೆಯ ಮಕ್ಕಳಿಗೆಂದು ಪದ್ಯಪುಸ್ತಕಗಳು ಬಂದವು. ಕೆಲವು ಇಂಗ್ಲಿಷ್ ಪದ್ಯಗಳನ್ನು ನಮ್ಮ ನೆಲಕ್ಕೆ ಹೊಂದಿಸಿಕೊಂಡರು. ಇನ್ನು ಕೆಲವಕ್ಕೆ ನಮ್ಮದೇ ಕಡಲು, ಗಾಳಿ, ಸಂಜೆ, ತೊಟ್ಟಿಲು ಸಾಕಾಯಿತು. ಮಂಗಳೂರಿನ ಗೆಳೆಯರನ್ನು ಸೇರಿಸಿಕೊಂಡು ಬಾಲಸಾಹಿತ್ಯ ಮಂಡಲ ಎಂಬ ಸಂಸ್ಥೆ ಕಟ್ಟಿ ಮಕ್ಕಳಿಗಾಗಿ ಅಗ್ಗದ ಚಿಕ್ಕ ಚಿಕ್ಕ ಕತೆ ಪುಸ್ತಕಗಳು ಬರುವ ಹಾಗೆ ಮಾಡಿದರು. ಮಕ್ಕಳಿಗೆ ಬರೆಯುವುದು ಪಂಡಿತರ ಮರ್ಯಾದೆಗೆ ಕಮ್ಮಿ ಎಂದುಕೊಳ್ಳುವ ಕಾಲದಲ್ಲಿ ಇಷ್ಟು ಮಾಡಿದ್ದು ಸಣ್ಣ ಮಾತೇನಲ್ಲ.

ಈಗ ನಾನು ಹೇಳಬೇಕಾದ ಮುಖ್ಯ ವಿಷಯಕ್ಕೆ ಬರುತ್ತೇನೆ.

ಇಂಗ್ಲಿಷ್ ಶಾಲೆಗಳಲ್ಲಿ ಸೈಟ್ ವರ್ಡ್ಸ್ ಎಂದು ಕಲಿಸುತ್ತಾರಲ್ಲ, ನಿಮಗೂ ಗೊತ್ತಿರಬಹುದು. ಅಕ್ಷರ ಕೂಡಿಸಿ ಓದದೆ ಶಬ್ದವನ್ನು ಕಂಡ ಕೂಡಲೆ ಮುಖದ ಗುರುತಿನಂತೆ ಗುರುತು ಹಿಡಿಯುವುದು. ಅಮೆರಿಕದ ಎಡ್ವರ್ಡ್ ಡಾಲ್ಚ್ ಎಂಬವರು ಮಕ್ಕಳ ಓದಿನಲ್ಲಿ ಮತ್ತೆ ಮತ್ತೆ ಬರುವ 220 ಶಬ್ದಗಳ ಪಟ್ಟಿಯನ್ನು 1936ರಲ್ಲಿ ಪ್ರಕಟಿಸಿದರು. ಅದರಲ್ಲಿ ನಾಮಪದಗಳಿಲ್ಲ. ನಾಮಪದಗಳು 95 ಬೇರೆಯೇ ಪಟ್ಟಿಯಲ್ಲಿವೆ. ಮನೆ, ನಾಯಿ ಎಂದರೆ ಚಿತ್ರ ತೋರಿಸಬಹುದು. ಆದರೆ ಮತ್ತು, ಆದರೆ, ಯಾಕೆ, ಆಗ ಇವುಗಳ ಚಿತ್ರ ಬರೆಯುವುದು ಹೇಗೆ? ಓದಿನಲ್ಲಿ ಹೆಜ್ಜೆ ಹೆಜ್ಜೆಗೂ ಅಡ್ಡ ಬರುವುದು ಇವೇ.

ಕನ್ನಡದಲ್ಲಿ ಬರೆದ ಹಾಗೆ ಓದುತ್ತೇವೆ, ಆದುದರಿಂದ ನಮಗೆ ಈ ತೊಂದರೆ ಇಲ್ಲ ಎಂದು ಹೇಳುವವರಿದ್ದಾರೆ. ಅರ್ಧ ನಿಜ. ಅಕ್ಷರ ಕಲಿತ ಮಗು ಯಾವ ಶಬ್ದವನ್ನಾದರೂ ಬಾಯಿಬಿಟ್ಟು ಹೇಳೀತು. ಅರ್ಥವಾಗಬೇಕಲ್ಲ! ನನ್ನ ತರಗತಿಯಲ್ಲಿ ಏಳು ವರ್ಷದ ಹುಡುಗನೊಬ್ಬ ಒತ್ತಕ್ಷರ ಸಮೇತ ಚೆಂದಾಗಿ ಓದುತ್ತಾನೆ. ಒಂದು ದಿನ ಗದ್ದೆ ಎಂದು ಓದಿದ. ಗದ್ದೆ ಎಂದರೆ ಏನು ಮಗಾ ಎಂದು ಕೇಳಿದೆ. ಮಲಗಲಿಕ್ಕೆ ಹಾಸುತ್ತಾರಲ್ಲ ಅದು ಎಂದ. ಹಿಂದಿಯ ಗದ್ದಾ ಅವನ ತಲೆಯಲ್ಲಿತ್ತು. ಹುಡುಗನದ್ದು ತಪ್ಪಲ್ಲ. ಅವನು ಗದ್ದೆ ನೋಡಿಯೇ ಇಲ್ಲ. ಕಣ್ಣು ಓದಿತು, ಕಿವಿ ಕೇಳಿತು, ಒಳಗೆ ಹೋಗುವಾಗ ಶಬ್ದ ದಾರಿ ತಪ್ಪಿತು. ಓದು ಬರಬೇಕಾದರೆ ಮೊದಲು ಕಿವಿಯಲ್ಲಿ ಮಾತಿನ ಗಂಟು ಇರಬೇಕು. ಆ ಗಂಟು ಕಟ್ಟಿಕೊಡುವುದು ಹೇಗೆ?

ಪಂಜೆಯವರ ಕತೆಗಳನ್ನು ಈ ಕಣ್ಣಿನಿಂದ ಓದಿ ನೋಡಿ. ಸಿಗಡಿ ಯಾಕೆ ಒಣಗಲಿಲ್ಲ ಎಂಬುದೊಂದು ಕತೆ. ಹೇನು ಸತ್ತು ಕಾಗೆ ಬಡವಾಯಿತು ಎಂಬುದು ಇನ್ನೊಂದು. ಜನಪದರ ಬಾಯಲ್ಲಿರುವಂಥ ಸರಪಳಿ ಕತೆಗಳಿವು. ಒಂದು ಕಾರಣಕ್ಕೆ ಇನ್ನೊಂದು ಕಾರಣ, ಅದಕ್ಕೆ ಮತ್ತೊಂದು. ಪ್ರತಿಸಲವೂ ಹಿಂದಿನ ಮಾತು ಮರಳಿ ಬರುತ್ತದೆ, ಹೊಸತೊಂದು ಕೊಂಡಿ ಸೇರಿಕೊಳ್ಳುತ್ತದೆ. ಮಗುವಿಗೆ ಅದು ಆಟ. ಆದರೆ ಲೆಕ್ಕ ಹಾಕಿದರೆ ಯಾಕೆ ಎಂಬ ಶಬ್ದ ಎಷ್ಟು ಸಲ ಬಂತು? ಇಲ್ಲ ಎಂಬ ರೂಪ ಎಷ್ಟು ಸಲ ಬಂತು? ಚಿತ್ರ ಬರೆಯಲಾಗದ ಆ ಕಷ್ಟದ ಶಬ್ದಗಳೇ ಇಲ್ಲಿ ಕತೆಯ ಬೆನ್ನೆಲುಬು. ಮೂರನೆಯ ಸಲಕ್ಕೆ ಮಕ್ಕಳೇ ಬಾಯಿ ಹಾಕುತ್ತಾರೆ. ಐದನೆಯ ಸಲಕ್ಕೆ ನಾನು ಸುಮ್ಮನಿದ್ದರೂ ಕತೆ ಮುಂದೆ ಹೋಗುತ್ತದೆ. ಆಗ ಬೋರ್ಡಿನ ಮೇಲೆ ಯಾಕೆ ಎಂದು ಬರೆದರೆ ಅಕ್ಷರ ಪೂರ್ತಿ ಬಾರದ ನಾಲ್ಕು ವರ್ಷದ ಕೂಸೂ ಕಂಡ ಕೂಡಲೆ ಕೂಗಿ ಹೇಳುತ್ತದೆ.

ನಾಗರಹಾವಿನ ಹಾಡನ್ನೂ ಹೀಗೇ ನೋಡಬಹುದು. ಒಂದೊಂದು ಪದ್ಯದ ಕೊನೆಗೂ ಒಂದೇ ಅಕ್ಷರದ ಪುಟ್ಟ ಮಾತೊಂದು ಹೊಡೆದ ತಾಳದ ಹಾಗೆ ಮತ್ತೆ ಮತ್ತೆ ಬರುತ್ತದೆ. ಹಾವನ್ನು ಕರೆಯುವುದರಿಂದ ಶುರುವಾಗಿ ಹಾವನ್ನು ಕಳಿಸಿಕೊಡುವುದರಲ್ಲಿ ಹಾಡು ಮುಗಿಯುತ್ತದೆ. ಕೈಯಲ್ಲಿ ಕರೆದು, ಕೈಯಲ್ಲೇ ಕಳಿಸುತ್ತಾ ಮಕ್ಕಳು ಹಾಡುತ್ತಾರೆ. ಶಬ್ದ, ಅರ್ಥ, ಕೈಸನ್ನೆ ಮೂರೂ ಒಟ್ಟಿಗೆ. ಅದರಲ್ಲಿ ಹಳೆಯ ವಿಭಕ್ತಿ ರೂಪಗಳಿವೆ, ಈಗಿನ ಮಕ್ಕಳಿಗೆ ಕಷ್ಟ ಎಂದು ನಮ್ಮ ಬಳಗದಲ್ಲೇ ಒಬ್ಬರು ಹೇಳಿದ್ದುಂಟು. ಮಕ್ಕಳಿಗೆ ಅದರ ಗೊಡವೆಯೇ ಇಲ್ಲ ಮಾರಾಯ್ರೆ! ಗೊತ್ತಿಲ್ಲದ ಒಂದು ಶಬ್ದವನ್ನು ಗೊತ್ತಿರುವ ಹತ್ತು ಶಬ್ದಗಳ ನಡುವೆ ಇಟ್ಟರೆ ಮಗು ಹೆದರುವುದಿಲ್ಲ. ಹತ್ತೂ ಗೊತ್ತಿಲ್ಲದವಾದರೆ ಓಡಿಹೋಗುತ್ತದೆ. ಪಂಜೆಯವರಿಗೆ ಈ ಅಳತೆ ಚೆನ್ನಾಗಿ ಗೊತ್ತಿತ್ತು.

ಸಿಗಡಿಯ ಕತೆಯಿಂದ ನನಗೆ ಇನ್ನೂ ಒಂದು ಉಪಕಾರವಾಯಿತು. ಇಲ್ಲಿಯ ಮಕ್ಕಳಿಗೆ ಗದ್ದೆ ಗೊತ್ತಿಲ್ಲದಿದ್ದರೂ ಒಣ ಸಿಗಡಿ ಗೊತ್ತು. ಗೊರಾಯಿ, ಮನೋರಿ ಕಡೆಯ ಕೋಳಿಯವರು ಬಿಸಿಲಿಗೆ ಹಾಕಿ ಒಣಗಿಸಿದ್ದು ನಮ್ಮ ಬಜಾರಿಗೂ ಬರುತ್ತದೆ. ಮರಾಠಿಯಲ್ಲಿ ಸುಕಟ್. ತುಳುವಿನ ಮಕ್ಕಳಿಗೆ ಎಟ್ಟಿ, ಕೊಂಕಣಿಯವರಿಗೆ ಸುಂಗಟ. ಆ ದಿನ ಮಕ್ಕಳಲ್ಲಿ ಪೈಪೋಟಿಯೇ ಆಯಿತು, ನಮ್ಮ ಮನೆಯಲ್ಲಿ ಹೀಗೆ ಹೇಳುತ್ತೇವೆ, ನಮ್ಮಲ್ಲಿ ಹಾಗೆ ಎಂದು. ನಾಲ್ಕನ್ನೂ ಬೋರ್ಡಿನ ಮೇಲೆ ಕನ್ನಡ ಅಕ್ಷರದಲ್ಲೇ ಬರೆದೆ. ಕನ್ನಡದ ಸಿಗಡಿ ಆ ಮೂರರ ಪಕ್ಕದಲ್ಲಿ ಹೋಗಿ ಕೂತಿತು. ಮನೆಮಾತನ್ನು ಹೊರಗೆ ಚಪ್ಪಲಿಯ ಹತ್ತಿರ ಬಿಟ್ಟು ಬಾ ಎಂದರೆ ಮಗು ಬಾಯನ್ನೂ ಅಲ್ಲೇ ಬಿಟ್ಟು ಬರುತ್ತದೆ. ಕೊಂಕಣಿ ಮನೆಯಲ್ಲಿ, ತುಳು ಪೇಟೆಯಲ್ಲಿ ಬೆಳೆದ ಪಂಜೆಯವರು ತುಳುನಾಡಿನ ವೀರರಾದ ಕೋಟಿ ಚೆನ್ನಯರ ಕತೆಯನ್ನು ಕನ್ನಡಕ್ಕೆ ತಂದರು. ಒಂದು ಮಾತಿನ ಸಂಪತ್ತನ್ನು ಇನ್ನೊಂದು ಮಾತಿನ ಮನೆಗೆ ಹೊತ್ತು ತರುವುದು ಅವರಿಗೆ ಸಹಜವಾಗಿತ್ತು.

ಅವರ ಮುಂದಿನ ಬದುಕು ಕೊಡಗಿನಲ್ಲಿ. ಶಾಲೆಗಳ ಇನ್ಸ್‌ಪೆಕ್ಟರಾಗಿ ಹೋದರು, ಆಮೇಲೆ ಮಡಿಕೇರಿಯ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾದರು. ಅಲ್ಲಿ ಮತ್ತೊಂದು ಹೊಸ ಮಾತು, ಕೊಡವ. ಹೊಸ ಹಬ್ಬ, ಹೊಸ ಉಡುಗೆ. ಹೊರಗಿನವರಾಗಿ ಹೋದ ಪಂಜೆಯವರು ಕೊಡಗಿನ ಸುಗ್ಗಿಯ ಬಗ್ಗೆ ಬರೆದ ಹುತ್ತರಿ ಹಾಡನ್ನು ಕೊಡಗಿನವರು ತಮ್ಮ ನಾಡಹಾಡಿನಂತೆ ಎತ್ತಿಕೊಂಡರು. ಹೋದಲ್ಲಿಯ ಶಬ್ದಗಳಿಗೆ ಕಿವಿ ಕೊಡುವವನಿಗೆ ಮಾತ್ರ ಆಗುವ ಕೆಲಸ ಇದು. 1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದರು. ರಾಯಚೂರು ಆಗ ನಿಜಾಮರ ರಾಜ್ಯದಲ್ಲಿತ್ತು. ಮೇಲಿನ ಓದು, ಆಡಳಿತ ಎಲ್ಲ ಉರ್ದುವಿನಲ್ಲಿ. ಕನ್ನಡದ ಮಕ್ಕಳು ಕನ್ನಡ ಕಲಿಯುವುದು ಕಷ್ಟವಿದ್ದ ಕಡೆಯಲ್ಲಿ ಮಕ್ಕಳ ಕವಿಯೊಬ್ಬರು ಅಧ್ಯಕ್ಷರಾದರು ಎಂಬುದು ನನಗೆ ಅರ್ಥವುಳ್ಳ ಮಾತಾಗಿ ಕಾಣುತ್ತದೆ.

ಕೊನೆಯ ದಿನಗಳು ಹೈದರಾಬಾದಿನಲ್ಲಿ ಕಳೆದವು. 1937ರ ಅಕ್ಟೋಬರಿನಲ್ಲಿ ಅಲ್ಲಿಯೇ ತೀರಿಕೊಂಡರು. ಅರವತ್ತಮೂರು ವರ್ಷ ವಯಸ್ಸು. ಅಮೆರಿಕದ ಆ ಪಟ್ಟಿ ಬಂದು ಆಗ ಒಂದೇ ವರ್ಷವಾಗಿತ್ತು. ಪಂಜೆಯವರು ಯಾವ ಪಟ್ಟಿಯನ್ನೂ ಮಾಡಿದವರಲ್ಲ. ಅವರ ಪಟ್ಟಿ ಅವರ ಕತೆಗಳೊಳಗೇ ಉಂಟು.

ಅವರ ನಂತರ ಕಲಿಸುವ ಕ್ರಮ ಬಹಳ ಬದಲಾಯಿತು. ಕರ್ನಾಟಕದ ಶಾಲೆಗಳಲ್ಲಿ ಈಗ ಅ ಆ ಇ ಈ ಯಿಂದ ಶುರು ಮಾಡುವುದಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರ ಮೊದಲು. ಐದು ಕಲಿತ ದಿನವೇ ಸರ, ದರ, ಅರಸ, ಅಗಸ, ಗರಗಸ ಓದಬಹುದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿಯಲ್ಲಿ ಹಾಡು, ಕತೆ, ಕಾರ್ಡು, ಆಟ ಎಲ್ಲ ಸೇರಿಕೊಂಡವು. ಮಗುವಿಗೆ ಬೇಗನೆ ಶಬ್ದದ ರುಚಿ ತೋರಿಸಬೇಕು ಎಂಬುದು ಈಗ ಸರಕಾರದ ಪುಸ್ತಕದಲ್ಲೇ ಬಂದ ಹಾಗಾಯಿತು. ಪಂಜೆಯವರು ಇದ್ದಿದ್ದರೆ ಸಂತೋಷಪಡುತ್ತಿದ್ದರು.

ಮುಂಬಯಿಯಲ್ಲಿ ನಮ್ಮ ಸಂಗತಿ ಬೇರೆ. ನಮ್ಮ ತಂದೆಯವರ ತಲೆಮಾರಿನ ಎಷ್ಟೋ ಜನ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತರು. ಕಲಿತ ಮೇಲೆ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದರು. ಅದನ್ನು ತಪ್ಪೆನ್ನಲು ನನಗೆ ಬಾಯಿಲ್ಲ, ನಾನೂ ಅಂಥದೇ ಶಾಲೆಯಲ್ಲಿ ಕಲಿತವಳು. ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಾ ಬಂದದ್ದು ನಮಗೆಲ್ಲ ಗೊತ್ತಿದ್ದದ್ದೇ. ನನ್ನ ತರಗತಿಯ ಹದಿನಾಲ್ಕು ಒಂಬತ್ತಾದದ್ದೂ ಇದೇ ಕತೆ. ಒಬ್ಬಳಿಗೆ ಸ್ಕೇಟಿಂಗ್, ಒಬ್ಬನಿಗೆ ಅಬ್ಯಾಕಸ್. ಒಬ್ಬರ ತಾಯಿ ಬಂದು ಮೆಲ್ಲಗೆ ಕೇಳಿದರು, ಇದರಿಂದ ಮುಂದೆ ಏನು ಉಪಯೋಗ ಎಂದು. ನಾನು ದೊಡ್ಡ ಉತ್ತರ ಕೊಡಲಿಲ್ಲ. ಊರಿನಲ್ಲಿರುವ ಅಜ್ಜಿ ಫೋನ್ ಮಾಡಿದಾಗ ನಿಮ್ಮ ಮಗಳು ಏನು ಮಾತಾಡುತ್ತಾಳೆ ಎಂದು ಕೇಳಿದೆ. ಹಾಂ, ಹೂಂ ಎನ್ನುತ್ತಾಳೆ, ಆಮೇಲೆ ಫೋನ್ ನನಗೆ ಕೊಡುತ್ತಾಳೆ ಎಂದರು. ಹೇಳುತ್ತಾ ಹೇಳುತ್ತಾ ಅವರ ಮುಖ ಸಣ್ಣಗಾಯಿತು. ಮಗಳು ಈಗಲೂ ಬರುತ್ತಿದ್ದಾಳೆ. ಮೊದಲು ನನ್ನನ್ನು ದೀದಿ ಎನ್ನುತ್ತಿದ್ದವಳು ಈಗ ಅಕ್ಕ ಎನ್ನುತ್ತಾಳೆ. ಒಂದು ಶಬ್ದ ಗೆದ್ದ ಹಾಗಾಯಿತು.

ನಮ್ಮ ಸಾಹಿತ್ಯ ಬಳಗದವರಿಗೆ ನನ್ನ ಕೇಳಿಕೆ ಇಷ್ಟೆ. ವರ್ಷಕ್ಕೊಮ್ಮೆ ಪಂಜೆಯವರ ಭಾವಚಿತ್ರಕ್ಕೆ ಹಾರ ಹಾಕಿ ಭಾಷಣ ಮಾಡುವುದನ್ನು ಬೇಡ ಎನ್ನುವುದಿಲ್ಲ. ಅದರ ಜೊತೆಗೆ ಪ್ರತಿಯೊಬ್ಬರೂ ಹತ್ತು ಕಾರ್ಡು ಮಾಡಿಕೊಡಿ. ಹಳೆಯ ಲಗ್ನಪತ್ರಿಕೆಯ ಬೆನ್ನಾದರೂ ಆದೀತು. ದಪ್ಪ ಅಕ್ಷರದಲ್ಲಿ ಒಂದು ಕಾರ್ಡಿಗೆ ಒಂದೇ ಶಬ್ದ. ಐದು ಕಾರ್ಡಿನಲ್ಲಿ ಬಾಗಿಲು, ಕಿಟಕಿ, ನೀರು ಎಂಬಂಥ ಮುಟ್ಟಿ ತೋರಿಸಬಹುದಾದ ಶಬ್ದಗಳಿರಲಿ. ಅವನ್ನು ಆಯಾ ವಸ್ತುವಿನ ಮೇಲೆಯೇ ಅಂಟಿಸುತ್ತೇವೆ. ಇನ್ನೈದರಲ್ಲಿ ಯಾಕೆ, ಎಲ್ಲಿ, ಆಮೇಲೆ, ಆದರೆ, ಇಲ್ಲ ಎಂಬಂಥವು ಇರಲಿ. ಅವನ್ನು ಅಂಟಿಸಲಿಕ್ಕೆ ಗೋಡೆ ಸಾಲದು, ಕತೆಯೇ ಬೇಕು. ಆದುದರಿಂದ ಕಾರ್ಡಿನೊಟ್ಟಿಗೆ ಬಾಯಲ್ಲಿ ಒಂದು ಕತೆಯನ್ನೂ ತನ್ನಿ. ಬೇಗ ಬೇಗ ಹೇಳಬೇಡಿ. ಒಂದೇ ಕತೆಯನ್ನು ನಾಲ್ಕು ವಾರ ಹೇಳಿ. ನಿಮಗೆ ಬೇಸರ ಬಂದೀತು, ಮಕ್ಕಳಿಗೆ ಬರುವುದಿಲ್ಲ.

ಬಂಟ್ವಾಳದ ಕೊಂಕಣಿ ಹುಡುಗನೊಬ್ಬ ಕನ್ನಡವನ್ನು ಕಲಿತು ಕನ್ನಡದ ಮಕ್ಕಳಿಗೆಲ್ಲ ಮಾತು ಕೊಟ್ಟ. ಒಂಬತ್ತು ಮಕ್ಕಳಿಗಾದರೂ ಆ ಮಾತನ್ನು ದಾಟಿಸುವುದು ನಮ್ಮಿಂದ ಆಗದ ಕೆಲಸವಲ್ಲ. ಕಾಂದಿವಲಿ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿದರೆ ರಿಕ್ಷಾದಲ್ಲಿ ಐದು ನಿಮಿಷದ ದಾರಿ. ಆದಿತ್ಯವಾರ ಹತ್ತು ಗಂಟೆಗೆ ಬಾಗಿಲು ತೆರೆದಿರುತ್ತದೆ.